ಹದಿನಾಲ್ಕು ಸಾವಿರ ಕಿಲೋಮೀಟರ್, ಹದಿನಾರು ಗಂಟೆ: ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ವಿಮಾನಮಾರ್ಗದ ಲೆಕ್ಕಾಚಾರ

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೂ ನಡುವಿನ ಅತಿ ಕಡಿಮೆ ದೂರ ಸುಮಾರು 13,990 ಕಿಲೋಮೀಟರ್. ಭೂಮಿಯ ಮೇಲೆ ಯಾವುದೇ ಎರಡು ಸ್ಥಳಗಳ ನಡುವೆ ಇರಬಹುದಾದ ಗರಿಷ್ಠ ಅಂತರವೇ, ಅಂದರೆ ಭೂಗೋಳದ ಅರ್ಧ ಸುತ್ತಳತೆಯೇ, 20,000 ಕಿಲೋಮೀಟರಿನಷ್ಟು ಎಂಬುದನ್ನು ನೆನೆದರೆ, ಈ ಎರಡು ಊರುಗಳು ಒಂದಕ್ಕೊಂದು ಎಷ್ಟು ದೂರದಲ್ಲಿವೆ ಎಂಬುದು ಮನಸ್ಸಿಗೆ ಬರುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಂಥ ಬಡಾವಣೆಗಳಲ್ಲಿ ಮಗಳೋ ಮಗನೋ ಸನಿವೇಲ್, ಫ್ರೀಮಾಂಟ್, ಸಾಂತಾ ಕ್ಲಾರಾಗಳಲ್ಲಿ ನೆಲೆಸಿರುವ ಮನೆಗಳು ಅನೇಕ ಇರುವುದರಿಂದ, ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಹೊರಡುವ ಹಿರಿಯರಿಗೆ ಈ ಅಂಕಿ ನೇರವಾಗಿ ಸಂಬಂಧಿಸಿದ್ದು. ಎಷ್ಟು ದೂರ, ಎಷ್ಟು ಹೊತ್ತು ಎಂಬ ಎರಡು ಪ್ರಶ್ನೆಗಳನ್ನು ಅವರು ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಆದರೆ ಮೊದಲನೆಯದಕ್ಕೆ ರೇಖಾಗಣಿತ ಒಂದೇ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಗಾಳಿ, ಪರ್ವತ, ರಾಜಕೀಯ, ಗಡಿಯಾರ ಮತ್ತು ಹೆಬ್ಬಾಳದ ವಾಹನದಟ್ಟಣೆ ಸೇರಿಕೊಂಡು ದಿನಕ್ಕೊಂದು ಉತ್ತರ ಕೊಡುತ್ತವೆ.

ದೂರದ ಲೆಕ್ಕವನ್ನು ಮೊದಲು ನೋಡಬಹುದು. ಪೆಸಿಫಿಕ್ ಸಾಗರವನ್ನು ನಡುವೆ ತೋರಿಸುವ ಪ್ರಪಂಚದ ನಕಾಶೆಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಡಿಕೋಲಿಟ್ಟು ಗೆರೆ ಎಳೆದರೆ ಅದು ಪೂರ್ವಕ್ಕೆ ಸಾಗಿ, ಬಂಗಾಳ ಕೊಲ್ಲಿಯನ್ನೂ ಆಗ್ನೇಯ ಏಷ್ಯಾವನ್ನೂ ದಾಟಿ, ಪೆಸಿಫಿಕ್ ಸಾಗರದ ನಡುವೆ ಹಾದುಹೋಗುತ್ತದೆ. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ರೂಪಿಸಿದ ನಕಾಶೆಯ ಪದ್ಧತಿಯಲ್ಲಿ ಇಂಥ ನೇರ ಗೆರೆಗೆ ಒಂದು ವಿಶೇಷ ಗುಣವಿದೆ: ಅದನ್ನು ಅನುಸರಿಸುವ ಹಡಗು ತನ್ನ ದಿಕ್ಸೂಚಿಯ ಕೋನವನ್ನು ದಾರಿಯುದ್ದಕ್ಕೂ ಬದಲಿಸಬೇಕಾಗಿಲ್ಲ. ನಾವಿಕರಿಗೆ ಅದು ವರವಾಗಿತ್ತು. ಆದರೆ ಆ ಗೆರೆಯ ನಿಜವಾದ ಉದ್ದವನ್ನು ಗೋಲದ ಮೇಲೆ ಲೆಕ್ಕ ಹಾಕಿದರೆ ಅದು ಸುಮಾರು 16,100 ಕಿಲೋಮೀಟರ್ ಆಗುತ್ತದೆ, ಅಂದರೆ ಅತಿ ಸಮೀಪದ ದಾರಿಗಿಂತ 2,100 ಕಿಲೋಮೀಟರ್ ಹೆಚ್ಚು. ಜೆಟ್ ವಿಮಾನಕ್ಕೆ ಇದು ಎರಡು ಗಂಟೆಗೂ ಮಿಕ್ಕಿದ ಹಾರಾಟ.

ಅತಿ ಸಮೀಪದ ದಾರಿಯನ್ನು ಕಾಣಬೇಕಾದರೆ ನಕಾಶೆಯನ್ನು ಬದಿಗಿಟ್ಟು, ಅವೆನ್ಯೂ ರಸ್ತೆಯ ಅಂಗಡಿಗಳಲ್ಲಿ ಮಕ್ಕಳಿಗೆಂದು ಮಾರುವ ಪುಟ್ಟ ಭೂಗೋಳವೊಂದನ್ನು ಮೇಜಿನ ಮೇಲಿಟ್ಟು, ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೆ ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲಿಟ್ಟು ಬಿಗಿಯಾಗಿ ಎಳೆಯಬೇಕು. ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಜಾರುತ್ತ ಜಾರುತ್ತ ಉತ್ತರಕ್ಕೆ ಸರಿದು, ಏಷ್ಯಾ ಖಂಡದ ನಡುವನ್ನು ಸೀಳಿಕೊಂಡು ಆರ್ಕ್ಟಿಕ್ ಸಮುದ್ರದ ಅಂಚಿನಲ್ಲಿ ನಿಲ್ಲುತ್ತದೆ. ಗೋಲವೊಂದನ್ನು ಅದರ ಕೇಂದ್ರದ ಮೂಲಕವೇ ಹಾಯುವಂತೆ ಎರಡು ಸಮಭಾಗವಾಗಿ ಕತ್ತರಿಸಿದಾಗ ಮೇಲ್ಮೈಯಲ್ಲಿ ಉಂಟಾಗುವ ವೃತ್ತಕ್ಕೆ ಮಹಾವೃತ್ತ ಎಂದು ಹೆಸರು. ಭೂಮಧ್ಯರೇಖೆ ಒಂದು ಮಹಾವೃತ್ತ. ಎದುರುಬದುರಾದ ಎರಡು ರೇಖಾಂಶಗಳು ಸೇರಿದರೆ ಅದೂ ಮಹಾವೃತ್ತ. ಗೋಲದ ಮೇಲಿನ ಯಾವುದೇ ಎರಡು ಬಿಂದುಗಳ ನಡುವಿನ ಅತಿ ಚಿಕ್ಕ ದಾರಿ ಅವೆರಡರ ಮೂಲಕ ಹಾಯುವ ಮಹಾವೃತ್ತದ ಚಿಕ್ಕ ಕಂಸವೇ ಆಗಿರುತ್ತದೆ, ಬಿಗಿದ ದಾರ ತನ್ನಷ್ಟಕ್ಕೆ ತಾನೇ ಹುಡುಕಿಕೊಳ್ಳುವುದು ಆ ಕಂಸವನ್ನೇ.

ಲೆಕ್ಕಕ್ಕೆ ಬೇಕಾದ್ದು ನಾಲ್ಕು ಸಂಖ್ಯೆಗಳು ಮಾತ್ರ. ಬೆಂಗಳೂರಿನ ವಿಮಾನ ನಿಲ್ದಾಣ ಉತ್ತರ ಅಕ್ಷಾಂಶ 13.2 ಡಿಗ್ರಿ ಹಾಗೂ ಪೂರ್ವ ರೇಖಾಂಶ 77.7 ಡಿಗ್ರಿಯಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೋದ್ದು ಉತ್ತರ ಅಕ್ಷಾಂಶ 37.6 ಹಾಗೂ ಪಶ್ಚಿಮ ರೇಖಾಂಶ 122.4 ಡಿಗ್ರಿ. ಇವುಗಳನ್ನು ಪ್ರೌಢಶಾಲೆಯಲ್ಲಿ ಕಲಿಸುವ ಸೈನ್, ಕೊಸೈನ್‌ಗಳ ಸೂತ್ರಕ್ಕೆ ಹಾಕಿದರೆ, ಎರಡೂ ಊರುಗಳಿಂದ ಭೂಕೇಂದ್ರಕ್ಕೆ ಎಳೆದ ಗೆರೆಗಳ ನಡುವಿನ ಕೋನ 125.8 ಡಿಗ್ರಿ ಎಂದು ಬರುತ್ತದೆ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿಲೋಮೀಟರ್ ಆದ್ದರಿಂದ ಮೇಲ್ಮೈಯಲ್ಲಿ ಪ್ರತಿ ಡಿಗ್ರಿಗೂ 111.2 ಕಿಲೋಮೀಟರ್, ಎರಡನ್ನೂ ಗುಣಿಸಿದರೆ 13,990ರ ಆಸುಪಾಸಿನ ಉತ್ತರ ಸಿಗುತ್ತದೆ. ಭೂಮಿ ಪರಿಪೂರ್ಣ ಗೋಲವಾಗಿರದೆ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿರುವುದರಿಂದ ಸೂಕ್ಷ್ಮ ಗಣನೆಯಲ್ಲಿ ಕೆಲವು ಕಿಲೋಮೀಟರ್ ವ್ಯತ್ಯಾಸ ಬರುತ್ತದೆ. ವಿಮಾನ ನೆಲದಿಂದ 11 ಕಿಲೋಮೀಟರ್ ಎತ್ತರದಲ್ಲಿ ಹಾರುವುದರಿಂದ ಅದರ ವೃತ್ತ ತುಸು ದೊಡ್ಡದಾಗುತ್ತದೆಯಾದರೂ, ಇಡೀ ದಾರಿಗೆ ಅದರಿಂದ ಸೇರುವುದು ಸುಮಾರು 24 ಕಿಲೋಮೀಟರ್ ಮಾತ್ರ.

ಈ ಮಹಾವೃತ್ತದ ದಾರಿ ಯಾವ ಯಾವ ಊರುಗಳ ಮೇಲೆ ಹಾಯುತ್ತದೆ ಎಂಬುದನ್ನು ಅದೇ ಸೂತ್ರಗಳಿಂದ ಕಂಡುಹಿಡಿಯಬಹುದು. ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯಿಂದ ಹೊರಟ ಗೆರೆ ನೇರ ಉತ್ತರಕ್ಕಿಂತ ಸುಮಾರು 20 ಡಿಗ್ರಿಯಷ್ಟು ಪೂರ್ವಕ್ಕೆ ವಾಲಿ, ತೆಲಂಗಾಣವನ್ನೂ ಮಹಾರಾಷ್ಟ್ರದ ಪೂರ್ವದ ಅಂಚನ್ನೂ ದಾಟಿ ಉತ್ತರ ಪ್ರದೇಶದ ಮಿರ್ಜಾಪುರದ ಆಸುಪಾಸಿಗೆ ಬರುತ್ತದೆ. ಭಾರತದ ಗಡಿಯಾರಗಳಿಗೆಲ್ಲ ಆಧಾರವಾದ 82.5 ಡಿಗ್ರಿ ಪೂರ್ವ ರೇಖಾಂಶ ಹಾಯುವುದೂ ಅದೇ ಮಿರ್ಜಾಪುರದ ಬಳಿ ಎಂಬುದು ಒಂದು ಸೊಗಸಾದ ಕಾಕತಾಳೀಯ. ಅಲ್ಲಿಂದ ನೇಪಾಳದ ಧವಳಗಿರಿ–ಅನ್ನಪೂರ್ಣ ಶಿಖರಗಳ ಸೀಮೆ, ಟಿಬೆಟ್, ಷಿನ್‌ಜಿಯಾಂಗ್, ಮಂಗೋಲಿಯದ ಪಶ್ಚಿಮ ಭಾಗ, ಬೈಕಲ್ ಸರೋವರದ ವಾಯವ್ಯಕ್ಕಿರುವ ಸೈಬೀರಿಯ, ಇವುಗಳನ್ನು ದಾಟಿ ಪೂರ್ವ ಸೈಬೀರಿಯ ಸಮುದ್ರದ ಮೇಲೆ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶವನ್ನು ಮುಟ್ಟಿದ ಮೇಲೆ ಗೆರೆ ದಕ್ಷಿಣಕ್ಕೆ ಹೊರಳುತ್ತದೆ. ಅಲಾಸ್ಕವನ್ನು ವಾಯವ್ಯದಿಂದ ಆಗ್ನೇಯಕ್ಕೆ ಸೀಳಿ, ಅಲಾಸ್ಕ ಕೊಲ್ಲಿಯ ಮೇಲಿಂದ ಕ್ಯಾಲಿಫೋರ್ನಿಯಕ್ಕೆ ಇಳಿಯುತ್ತದೆ. ಹೀಗೆ ಹೋದರೆ ಪ್ರಯಾಣದ ಮೊದಲರ್ಧದಲ್ಲಿ ಸಾಗರವೇ ಕಾಣುವುದಿಲ್ಲ.

ಕಾಗದದ ಮೇಲೆ ಇಷ್ಟು ಅಚ್ಚುಕಟ್ಟಾಗಿರುವ ಈ ದಾರಿಯಲ್ಲಿ ವಿಮಾನಗಳು ಸಾಮಾನ್ಯವಾಗಿ ಹಾರುವುದಿಲ್ಲ, ಅದಕ್ಕೆ ಮೊದಲ ಕಾರಣ ಹಿಮಾಲಯ ಮತ್ತು ಅದರ ಬೆನ್ನಿಗಿರುವ ಟಿಬೆಟ್ ಪ್ರಸ್ಥಭೂಮಿ. ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನಕ್ಕೆ ಎಂಟು ಕಿಲೋಮೀಟರ್ ಎತ್ತರದ ಶಿಖರ ನೇರವಾದ ಅಡ್ಡಿಯಲ್ಲ. ಅಡ್ಡಿಯಿರುವುದು ತುರ್ತು ಪರಿಸ್ಥಿತಿಯಲ್ಲಿ. ವಿಮಾನದೊಳಗಿನ ಗಾಳಿಯ ಒತ್ತಡ ಯಾವುದೋ ದೋಷದಿಂದ ಕುಸಿದರೆ ಆಸನದ ಮೇಲಿನಿಂದ ಆಮ್ಲಜನಕದ ಮುಖವಾಡಗಳು ಇಳಿಬೀಳುತ್ತವೆ. ಬಹುಪಾಲು ವಿಮಾನಗಳಲ್ಲಿ ಅವುಗಳಿಂದ ಆಮ್ಲಜನಕ ಸಿಗುವುದು ಕಾಲು ಗಂಟೆಯ ಆಸುಪಾಸು ಮಾತ್ರ, ಆ ಅವಧಿಯೊಳಗೆ ಪೈಲಟ್ ವಿಮಾನವನ್ನು ಸಹಜವಾಗಿ ಉಸಿರಾಡಬಹುದಾದ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಸಬೇಕು. ಟಿಬೆಟ್‌ನ ನೆಲವೇ ಸರಾಸರಿ 4,500 ಮೀಟರಿಗೂ ಎತ್ತರದಲ್ಲಿರುವಾಗ ಅಲ್ಲಿ ಹಾಗೆ ಇಳಿಯಲು ಜಾಗವೇ ಇಲ್ಲ. ಎಂಜಿನ್ ಒಂದು ನಿಂತು ವಿಮಾನ ಕೆಳಗಿಳಿಯಬೇಕಾಗಿ ಬಂದಾಗಲೂ ತೊಡಕು ಇದೇ. ಆದ್ದರಿಂದ ದೂರ ಹೆಚ್ಚಾದರೂ ಪರ್ವತಗಳನ್ನು ಬಳಸಿಕೊಂಡು ಹೋಗುವುದೇ ರೂಢಿ.

ಬಳಸುದಾರಿ ಎಂದರೆ ಎಷ್ಟು ಬಳಸು ಎಂಬುದರಲ್ಲಿ ಈ ಮಾರ್ಗದ ನಿಜವಾದ ಸ್ವಾರಸ್ಯ ಅಡಗಿದೆ. ಬೆಂಗಳೂರಿನಿಂದ ನೇರ ಉತ್ತರ ಧ್ರುವಕ್ಕೇ ಹೋಗಿ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಇಳಿದರೆ ಒಟ್ಟು ದೂರ ಸುಮಾರು 14,365 ಕಿಲೋಮೀಟರ್. ಅತಿ ಸಮೀಪದ ದಾರಿಗಿಂತ ಕೇವಲ 375 ಕಿಲೋಮೀಟರ್ ಹೆಚ್ಚು, ಅಂದರೆ ಇಪ್ಪತ್ತೈದು ನಿಮಿಷದ ಹಾರಾಟ. ತದ್ವಿರುದ್ಧವಾಗಿ ಪೂರ್ವಕ್ಕೆ ಹೊರಟು ಟೋಕಿಯೊ ಬಳಿಯ ಆಕಾಶವನ್ನು ಹಾಯ್ದು, ಪೆಸಿಫಿಕ್ ದಾಟಿದರೆ ಸುಮಾರು 14,930 ಕಿಲೋಮೀಟರ್. ಅದೂ ಒಂದು ಗಂಟೆಯಷ್ಟೇ ಹೆಚ್ಚು. ಭೂಮಂಡಲದ ಮೇಲೆ ಸಾವಿರಾರು ಕಿಲೋಮೀಟರ್ ಅಂತರದಲ್ಲಿ ಬಿದ್ದಿರುವ ಈ ಎರಡು ದಾರಿಗಳ ಉದ್ದದಲ್ಲಿ ಇಷ್ಟು ಅಲ್ಪ ವ್ಯತ್ಯಾಸ ಇರುವುದಕ್ಕೆ ಕಾರಣ ಎರಡು ಊರುಗಳೂ ಭೂಗೋಳದ ಹೆಚ್ಚುಕಡಿಮೆ ಎದುರುಬದುರು ಮಗ್ಗುಲುಗಳಲ್ಲಿ ಇರುವುದು. ಊರುಗಳು ಎದುರುಬದುರಾದಷ್ಟೂ ದಾರಿಗಳ ನಡುವಿನ ಭೇದ ಕಿರಿದಾಗುತ್ತದೆ, ಆಗ ಯಾವ ದಾರಿ ಹಿಡಿಯಬೇಕೆಂಬುದನ್ನು ತೀರ್ಮಾನಿಸುವ ಅಧಿಕಾರ ಕಿಲೋಮೀಟರ್‌ನಿಂದ ಜಾರಿ ಗಾಳಿಯ ಕೈಗೆ ಹೋಗುತ್ತದೆ.

ಆ ಗಾಳಿಯ ಹೆಸರು ಜೆಟ್ ಸ್ಟ್ರೀಮ್. ನೆಲದಿಂದ ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಅಂದರೆ ಸರಿಯಾಗಿ ಪ್ರಯಾಣಿಕ ವಿಮಾನಗಳು ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ನದಿಯೋಪಾದಿಯಲ್ಲಿ ಹರಿಯುವ ಕಿರಿದಾದ ವೇಗದ ಗಾಳಿಯ ಪಟ್ಟಿಯಿದು. ಜಪಾನಿನ ಹವಾಮಾನ ವಿಜ್ಞಾನಿ ವಾಸಬುರೊ ಓಯಿಷಿ 1920ರ ದಶಕದಲ್ಲಿ ತತೆನೊ ವೀಕ್ಷಣಾಲಯದಿಂದ ಬಲೂನುಗಳನ್ನು ಹಾರಿಬಿಟ್ಟು ಇದನ್ನು ಅಳೆದಿದ್ದರೂ, ತಮ್ಮ ವರದಿಯನ್ನು ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಪ್ರಕಟಿಸಿದ್ದರಿಂದ ಹೊರಜಗತ್ತಿನ ಗಮನ ಬಹುಕಾಲ ಅತ್ತ ಹರಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್‌ಗಳು ಅದೇ ಗಾಳಿಗೆ ಸಿಕ್ಕಿ ತತ್ತರಿಸಿದವು. ಚಳಿಗಾಲದಲ್ಲಿ ಜಪಾನಿನ ಆಕಾಶದಲ್ಲಿ ಇದರ ವೇಗ ಗಂಟೆಗೆ 300 ಕಿಲೋಮೀಟರ್ ಮೀರುವುದುಂಟು.

ಇಲ್ಲಿ ಎರಡು ಬಗೆಯ ವೇಗಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಸುತ್ತಲಿನ ಗಾಳಿಗೆ ಹೋಲಿಸಿದಾಗ ವಿಮಾನ ಎಷ್ಟು ವೇಗವಾಗಿ ಚಲಿಸುತ್ತಿದೆ ಎಂಬುದು ವಾಯುವೇಗ. ಕೆಳಗಿನ ನೆಲಕ್ಕೆ ಹೋಲಿಸಿದಾಗ ಎಷ್ಟು ಎಂಬುದು ನೆಲವೇಗ. ಬೋಯಿಂಗ್ 777ರಂಥ ವಿಮಾನದ ವಾಯುವೇಗ ಶಬ್ದದ ವೇಗದ ಶೇಕಡ 84ರಷ್ಟು, ಅಂದರೆ ಆ ಎತ್ತರದ ಕೊರೆಯುವ ಚಳಿಯಲ್ಲಿ ಗಂಟೆಗೆ ಸುಮಾರು 900 ಕಿಲೋಮೀಟರ್, ಮತ್ತು ಇದು ದಾರಿಯುದ್ದಕ್ಕೂ ಹೆಚ್ಚು ಬದಲಾಗುವುದಿಲ್ಲ. ಗಾಳಿ ಬೆನ್ನಿಗೆ ಬಂದಾಗ ಅದರ ವೇಗ ನೆಲವೇಗಕ್ಕೆ ಕೂಡಿಕೊಳ್ಳುತ್ತದೆ, ಎದುರಾದಾಗ ಕಳೆಯುತ್ತದೆ. ಗಾಳಿಯೇ ಇಲ್ಲವೆಂದು ಭಾವಿಸಿದರೆ 13,990 ಕಿಲೋಮೀಟರಿನ ಅತಿ ಸಮೀಪದ ದಾರಿಗೆ ಹದಿನೈದೂವರೆ ಗಂಟೆ ಬೇಕು. ಪೂರ್ವದ ಪೆಸಿಫಿಕ್ ದಾರಿಯಲ್ಲಿ ಸರಾಸರಿ 70 ಕಿಲೋಮೀಟರ್ ವೇಗದ ಬೆನ್ನಗಾಳಿ ಸಿಕ್ಕಿತೆಂದು ಉದಾಹರಣೆಗೆ ಇಟ್ಟುಕೊಂಡರೆ, ನೆಲವೇಗ 970ಕ್ಕೆ ಏರಿ, 14,930 ಕಿಲೋಮೀಟರ್ ಕೂಡ ಹದಿನೈದೂವರೆ ಗಂಟೆಯೊಳಗೇ ಮುಗಿಯುತ್ತದೆ. ಸುಮಾರು ಒಂದು ಸಾವಿರ ಕಿಲೋಮೀಟರ್ ಹೆಚ್ಚು ಹಾರಿಯೂ ವಿಮಾನ ತಡವಾಗುವುದಿಲ್ಲ. ಅದೇ ದಾರಿಯಲ್ಲಿ ಹಿಂದಿರುಗಿದರೆ ನೆಲವೇಗ 830ಕ್ಕೆ ಇಳಿದು ಪ್ರಯಾಣ ಹದಿನೆಂಟು ಗಂಟೆ ಹಿಡಿಯುತ್ತದೆ. ಹಾಗಾಗಿ ಬರುವಾಗ ಎದುರುಗಾಳಿ ಕಡಿಮೆಯಿರುವ ಧ್ರುವದ ದಾರಿ ಆಕರ್ಷಕವಾಗುತ್ತದೆ. ಬೆಂಗಳೂರಿನಿಂದ ಹೋಗುವುದಕ್ಕಿಂತ ಬರುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದು ಈ ಕಾರಣದಿಂದ. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಎಂಬ ವಿವರಣೆ ಜನರ ಬಾಯಲ್ಲಿ ಬಹಳ ಕೇಳಿಬರುತ್ತದೆ, ಆದರೆ ವಾತಾವರಣವೂ ಭೂಮಿಯ ಜೊತೆಗೇ ತಿರುಗುವುದರಿಂದ ಮೇಲೆ ಹಾರಿದ ಮಾತ್ರಕ್ಕೆ ಭೂಮಿ ಕೆಳಗಿನಿಂದ ಸರಿದುಹೋಗುವುದಿಲ್ಲ. ಭೂಮಿಯ ತಿರುಗುವಿಕೆಯ ಪಾತ್ರವಿರುವುದು ಜೆಟ್ ಸ್ಟ್ರೀಮ್ ಪೂರ್ವಕ್ಕೆ ಬಾಗುವಂತೆ ಮಾಡುವುದರಲ್ಲಿ.

ಇದೆಲ್ಲವೂ ಬೆಂಗಳೂರಿಗೆ ಪ್ರತ್ಯಕ್ಷ ಅನುಭವವಾದದ್ದು 2021ರ ಜನವರಿಯಲ್ಲಿ. ಏರ್ ಇಂಡಿಯಾ ಸಂಸ್ಥೆಯ ಬೋಯಿಂಗ್ 777-200ಎಲ್‌ಆರ್ ವಿಮಾನವೊಂದು ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವ ಪ್ರದೇಶದ ಮೇಲಿಂದ ಹಾರಿ, ಎಲ್ಲಿಯೂ ಇಳಿಯದೆ ಜನವರಿ 11ರ ಸೋಮವಾರ ನಸುಕಿನಲ್ಲಿ ಬೆಂಗಳೂರು ತಲುಪಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್ ಎಂಬ ಪೈಲಟ್‌ಗಳಿದ್ದ ಆ ವಿಮಾನದ ಚಾಲಕವರ್ಗ ಸಂಪೂರ್ಣವಾಗಿ ಮಹಿಳೆಯರದ್ದಾಗಿತ್ತು ಎಂಬುದು ದೇಶದಾದ್ಯಂತ ಸುದ್ದಿಯಾಯಿತು, ಆಗಬೇಕಾದದ್ದೂ ಹೌದು. ದಕ್ಷಿಣ ಭಾರತದ ನಗರವೊಂದಕ್ಕೂ ಅಮೆರಿಕದ ಪಶ್ಚಿಮ ಕರಾವಳಿಗೂ ನಡುವೆ ತಡೆರಹಿತ ಹಾರಾಟ ಅಲ್ಲಿಯವರೆಗೆ ಇರಲಿಲ್ಲ.

ಧ್ರುವದ ಮೇಲೆ ಹಾರುವುದಕ್ಕೆ ವಿಶೇಷ ತರಬೇತಿ ಬೇಕಾಗುವುದೇಕೆ ಎಂಬುದನ್ನು ಇಲ್ಲಿ ವಿವರಿಸಬೇಕು. ಕಾಂತೀಯ ದಿಕ್ಸೂಚಿ ಅಲ್ಲಿ ವಿಶ್ವಾಸಾರ್ಹವಲ್ಲ, ಏಕೆಂದರೆ ಭೂಮಿಯ ಕಾಂತಕ್ಷೇತ್ರ ಅಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಕೆಳಮುಖವಾಗಿರುವುದರಿಂದ ಸೂಜಿಗೆ ದಿಕ್ಕು ಸಿಗುವುದಿಲ್ಲ. ಭೌಗೋಳಿಕ ಉತ್ತರವನ್ನು ಆಧರಿಸಿದ ಉಪಕರಣಗಳನ್ನೇ ನೆಚ್ಚಬೇಕು. ಭೂಮಧ್ಯರೇಖೆಯ ಮೇಲೆ ನಿಂತಂತೆ ತೋರುವ ಸಂವಹನ ಉಪಗ್ರಹಗಳು ಧ್ರುವದಿಂದ ದಿಗಂತದ ಕೆಳಗೆ ಮರೆಯಾಗುವುದರಿಂದ ರೇಡಿಯೋ ಸಂಪರ್ಕಕ್ಕೂ ಪ್ರತ್ಯೇಕ ವ್ಯವಸ್ಥೆ ಬೇಕು. ಇಂಧನದ ವಿಷಯ ಇನ್ನೂ ಸೂಕ್ಷ್ಮ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಎಂಬ ಬಗೆಯ ಇಂಧನ ಶೂನ್ಯಕ್ಕಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ, ಭಾರತವೂ ಸೇರಿ ಉಳಿದೆಡೆ ಬಳಸುವ ಜೆಟ್ ಎ-1ಕ್ಕೆ ಆ ಮಿತಿ 47 ಡಿಗ್ರಿ. ಹೊರಗಿನ ಉಷ್ಣಾಂಶ ಅದಕ್ಕಿಂತಲೂ ಕೆಳಗಿಳಿಯಬಹುದಾದ ಧ್ರುವದ ಆಕಾಶದಲ್ಲಿ ರೆಕ್ಕೆಯೊಳಗಿನ ಇಂಧನದ ಉಷ್ಣಾಂಶವನ್ನು ಪೈಲಟ್‌ಗಳು ಗಮನಿಸುತ್ತಲೇ ಇರುತ್ತಾರೆ, ಅಗತ್ಯ ಬಿದ್ದರೆ ಎತ್ತರವನ್ನೋ ವೇಗವನ್ನೋ ಬದಲಿಸುತ್ತಾರೆ. ಇವುಗಳ ಜೊತೆಗೆ, ಎರಡು ಎಂಜಿನ್‌ಗಳ ವಿಮಾನ ಒಂದು ಎಂಜಿನ್ ಕೆಟ್ಟರೂ ನಿಗದಿತ ಸಮಯದೊಳಗೆ ತಲುಪಬಹುದಾದ ವಿಮಾನ ನಿಲ್ದಾಣ ದಾರಿಯ ಪ್ರತಿ ಹಂತದಲ್ಲೂ ಇರಬೇಕೆಂಬ ನಿಯಮವಿದೆ. ಈ ನಿಯಮದ ಬೆಲೆ 2023ರ ಜೂನ್ 6ರಂದು ಕಣ್ಣಿಗೆ ಕಂಡಿತು: ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನದ ಒಂದು ಎಂಜಿನ್‌ನಲ್ಲಿ ದೋಷ ಕಾಣಿಸಿಕೊಂಡಾಗ ಅದನ್ನು ರಷ್ಯಾದ ದೂರಪೂರ್ವದ ಮಗದಾನ್ ಎಂಬ ಊರಿನಲ್ಲಿ ಸುರಕ್ಷಿತವಾಗಿ ಇಳಿಸಲಾಯಿತು. ಭಾರತದಿಂದ ಬದಲಿ ವಿಮಾನ ಬರುವವರೆಗೆ ಪ್ರಯಾಣಿಕರು ಆ ಚಳಿಯ ಊರಿನಲ್ಲೇ ತಂಗಬೇಕಾಯಿತು.

ಮಗದಾನ್ ಹೆಸರು ಬಂದಮೇಲೆ ರಾಜಕೀಯದ ಮಾತನ್ನೂ ಆಡಲೇಬೇಕಾಗುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಬಳಿಕ ರಷ್ಯಾ ತನ್ನ ಆಕಾಶವನ್ನು ಅಮೆರಿಕ ಹಾಗೂ ಯುರೋಪಿನ ಬಹುಪಾಲು ವಿಮಾನಯಾನ ಸಂಸ್ಥೆಗಳಿಗೆ ಮುಚ್ಚಿತು. ಭಾರತೀಯ ಸಂಸ್ಥೆಗಳಿಗೆ ಮುಚ್ಚಲಿಲ್ಲ. ಅಮೆರಿಕದ ಯುನೈಟೆಡ್ ಸಂಸ್ಥೆ ಸ್ಯಾನ್ ಫ್ರಾನ್ಸಿಸ್ಕೋದಿಂದಲೂ, ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದಲೂ ಬೆಂಗಳೂರಿಗೆ ತಡೆರಹಿತ ಸೇವೆಯನ್ನು ಘೋಷಿಸಿದ್ದವು. ಮೊದಲು ಕೋವಿಡ್ ಅಡ್ಡ ಬಂತು, ಬಳಿಕ ಆಕಾಶದ ಬಾಗಿಲೇ ಮುಚ್ಚಿತು, ಎರಡೂ ಸೇವೆಗಳು ಆರಂಭವಾಗಲೇ ಇಲ್ಲ. ಅದೇ ಎರಡು ನಿಲ್ದಾಣ, ಅದೇ ದೂರ, ಅದೇ ಬಗೆಯ ವಿಮಾನವಿದ್ದರೂ ಬಾಲದ ಮೇಲೆ ಯಾವ ದೇಶದ ಗುರುತಿದೆ ಎಂಬುದರ ಮೇಲೆ ಪ್ರಯಾಣದ ಅವಧಿ ಬದಲಾಗುವ ಕಾಲವಿದು.

ಬೆಂಗಳೂರಿಗೆ ತನ್ನದೇ ಆದ ಇನ್ನೊಂದು ತೊಡಕಿದೆ, ಅದು ನಗರದ ಹೆಮ್ಮೆಯ ಹವೆಗೆ ಕಾರಣವಾದ ಎತ್ತರ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ ಸಮುದ್ರಮಟ್ಟದಿಂದ ಕೆಲವೇ ಮೀಟರ್ ಮೇಲಿದ್ದರೆ ದೇವನಹಳ್ಳಿಯ ನಿಲ್ದಾಣ ಸುಮಾರು 915 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಶೇಕಡ 8ಕ್ಕೂ ಮಿಕ್ಕಿ ಕಡಿಮೆ. ತೆಳುವಾದ ಗಾಳಿಯಲ್ಲಿ ರೆಕ್ಕೆಗೆ ಸಿಗುವ ಎತ್ತುವ ಬಲವೂ ಎಂಜಿನ್‌ನ ನೂಕುಬಲವೂ ತಗ್ಗುತ್ತವೆ, ಬೇಸಿಗೆಯ ಮಧ್ಯಾಹ್ನ ಗಾಳಿ ಕಾದಾಗ ಇನ್ನಷ್ಟು ತಗ್ಗುತ್ತವೆ. 777-200ಎಲ್‌ಆರ್ ವಿಮಾನ ಹೊರಡುವಾಗ ಹೊರಬಹುದಾದ ಗರಿಷ್ಠ ಒಟ್ಟು ತೂಕ ಸುಮಾರು 347 ಟನ್. ಅದರಲ್ಲಿ ಇಂಧನದ ಪಾಲೇ 145 ಟನ್‌ವರೆಗೆ ಇರಬಹುದು. ಹೀಗೆ ತನ್ನ ತೂಕದ ಐದನೆಯ ಎರಡು ಪಾಲು ಇಂಧನವನ್ನೇ ಹೊತ್ತ ವಿಮಾನ ಎತ್ತರದ ಊರಿನಿಂದ ಮೇಲೇಳಬೇಕಾದರೆ ಉದ್ದದ ರನ್‌ವೇ ಬೇಕು. ಬೆಂಗಳೂರಿನ ಎರಡೂ ರನ್‌ವೇಗಳು 4,000 ಮೀಟರ್ ಉದ್ದವಾಗಿರುವುದು ಈ ದೃಷ್ಟಿಯಿಂದ ದೊಡ್ಡ ಅನುಕೂಲ. ಹಾಗಿದ್ದೂ ದೂರ ಹೆಚ್ಚಿದಷ್ಟೂ ಇಂಧನವನ್ನು ಸಾಗಿಸಲೆಂದೇ ಇಂಧನ ಉರಿಯುತ್ತದೆ ಎಂಬ ಸತ್ಯ ತಪ್ಪುವುದಿಲ್ಲ, ತಡೆರಹಿತ ಹಾರಾಟದ ಟಿಕೆಟ್ ದುಬಾರಿಯಾಗಲು ಇದೂ ಒಂದು ಕಾರಣ.

ತಡೆರಹಿತ ಹಾರಾಟ ಸಿಗದವರು ನಡುವೆ ಒಂದು ಕಡೆ ವಿಮಾನ ಬದಲಿಸುತ್ತಾರೆ. ದುಬೈ ಮೂಲಕ ಹೋದರೆ ಒಟ್ಟು ವೈಮಾನಿಕ ದೂರ ಸುಮಾರು 15,700 ಕಿಲೋಮೀಟರ್, ಫ್ರಾಂಕ್‌ಫರ್ಟ್ ಮೂಲಕ ಸುಮಾರು 16,550, ಸಿಂಗಪುರದ ಮೂಲಕ ಅದಕ್ಕಿಂತ ತುಸು ಹೆಚ್ಚು. ಹಾರಾಟದ ಹೊತ್ತು ಎರಡು ಮೂರು ಗಂಟೆ ಹೆಚ್ಚುವುದು ಸಣ್ಣ ಮಾತು. ಕಾಯುವ ಹೊತ್ತು ಮೂರರಿಂದ ಹತ್ತು ಗಂಟೆಯವರೆಗೂ ಸೇರಿಕೊಳ್ಳಬಹುದು. ಗೊತ್ತಿಲ್ಲದ ನಿಲ್ದಾಣದಲ್ಲಿ ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ದಾರಿ ಹುಡುಕುವುದು, ಮತ್ತೆ ಭದ್ರತಾ ತಪಾಸಣೆಗೆ ನಿಲ್ಲುವುದು, ಕನ್ನಡ ಬಿಟ್ಟು ಬೇರೆ ಭಾಷೆಯ ಅಭ್ಯಾಸವಿಲ್ಲದ ಎಪ್ಪತ್ತರ ಹಿರಿಯರಿಗೆ ಎಷ್ಟು ಕಷ್ಟವೆಂಬುದನ್ನು ಯಾವ ದೂರದ ಕೋಷ್ಟಕವೂ ತೋರಿಸುವುದಿಲ್ಲ. ನಡೆಯಬಲ್ಲವರೂ ಗಾಲಿಕುರ್ಚಿಯ ನೆರವನ್ನು ಕೇಳಿಕೊಳ್ಳುವುದು ಇದೇ ಕಾರಣಕ್ಕೆ, ಅದನ್ನು ಸೋಗು ಎಂದು ಆಡಿಕೊಳ್ಳುವುದು ಸರಿಯಲ್ಲ. ಮತ್ತೊಂದೆಡೆ, ಹದಿನಾರು ಗಂಟೆ ಒಂದೇ ಆಸನದಲ್ಲಿ ಕೂರುವುದರಿಂದ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುವುದರಿಂದ, ಆಗಾಗ ಎದ್ದು ಓಡಾಡುವುದೂ ಸಾಕಷ್ಟು ನೀರು ಕುಡಿಯುವುದೂ ತಡೆರಹಿತ ಪ್ರಯಾಣದಲ್ಲಿ ಇನ್ನೂ ಮುಖ್ಯ.

ಟಿಕೆಟ್ಟಿನಲ್ಲಿ ಮುದ್ರಿತವಾದ ಸಮಯವನ್ನು ಓದುವುದರಲ್ಲಿಯೂ ಎಚ್ಚರ ಬೇಕು. 2021ರ ಮೊದಲ ವೇಳಾಪಟ್ಟಿಯ ಪ್ರಕಾರ ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟ ವಿಮಾನ ಅದೇ ದಿನ ಸಂಜೆ 5 ಗಂಟೆಗೆ ಸ್ಯಾನ್ ಫ್ರಾನ್ಸಿಸ್ಕೋ ತಲುಪಬೇಕಿತ್ತು. ಮೇಲ್ನೋಟಕ್ಕೆ ಎರಡೂವರೆ ಗಂಟೆಯ ಪ್ರಯಾಣ. ಅಲ್ಲಿಂದ ಶನಿವಾರ ರಾತ್ರಿ 8.30ಕ್ಕೆ ಹೊರಟದ್ದು ಇಲ್ಲಿಗೆ ಬರುವುದು ಸೋಮವಾರ ಬೆಳಗಿನ ಜಾವ 3.45ಕ್ಕೆ; ಮೇಲ್ನೋಟಕ್ಕೆ ಮೂವತ್ತೊಂದು ಗಂಟೆಗೂ ಹೆಚ್ಚು. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯ ಭಾರತಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ ಎಂಬುದನ್ನು ಸೇರಿಸಿ ಎರಡೂ ತುದಿಯ ಸಮಯವನ್ನು ಭಾರತದ ಗಡಿಯಾರಕ್ಕೇ ತಂದರೆ ಹೋಗುವ ಅವಧಿ 16 ಗಂಟೆ, ಬರುವ ಅವಧಿ 17 ಗಂಟೆ 45 ನಿಮಿಷ ಎಂದು ಸ್ಪಷ್ಟವಾಗುತ್ತದೆ. ಗಾಳಿಯ ಲೆಕ್ಕ ಹೇಳಿದ ವ್ಯತ್ಯಾಸವೇ ಇಲ್ಲಿಯೂ ಕಾಣುತ್ತದೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರ್ ತಿಂಗಳ ಮೊದಲ ಭಾನುವಾರದವರೆಗೆ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗ ಅಂತರ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ. ಹೊತ್ತಿಗೆ ಸರಿಯಾಗಿ ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರಿಗೆ ಹಗಲು ರಾತ್ರಿ ತಲೆಕೆಳಗಾಗುವ ಈ ಅಂತರ ಗಂಭೀರ ವಿಷಯ. ಯಾವ ಡೋಸ್ ಯಾವ ಊರಿನ ಗಡಿಯಾರದ ಪ್ರಕಾರ ಎಂಬುದನ್ನು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಬೇಕು.

ಇಷ್ಟೆಲ್ಲ ಲೆಕ್ಕವೂ ನಿಲ್ದಾಣದಿಂದ ನಿಲ್ದಾಣಕ್ಕೆ ಸಂಬಂಧಿಸಿದ್ದು. ಪಶ್ಚಿಮ ಬೆಂಗಳೂರಿನ ಪ್ರಯಾಣಿಕರಿಗೆ ಯಾತ್ರೆ ಆರಂಭವಾಗುವುದು ಮನೆಯ ಹೊಸಿಲಿನಿಂದ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಆರಂಭವಾಗುವವರೆಗೆ ಎಚ್‌ಎಎಲ್ ನಿಲ್ದಾಣವೇ ನಗರದ ಆಕಾಶದ್ವಾರವಾಗಿತ್ತು, ಆಗ ವಿಜಯನಗರದವರು ಊರನ್ನು ಅಡ್ಡಹಾಯ್ದರೆ ಸಾಕಾಗಿತ್ತು. ಹೊಸ ನಿಲ್ದಾಣಕ್ಕೆ ಕೆಂಗೇರಿಯಿಂದ ನೇರ ಗೆರೆಯ ದೂರ ಸುಮಾರು 40 ಕಿಲೋಮೀಟರ್, ರಸ್ತೆಯಲ್ಲಿ ಐವತ್ತರ ಹತ್ತಿರ. ರಾಜಾಜಿನಗರದಿಂದ ನೇರ ದೂರ 28 ಕಿಲೋಮೀಟರ್, ರಸ್ತೆಯಲ್ಲಿ ಅದಕ್ಕಿಂತ ಹೆಚ್ಚು. ವೆಸ್ಟ್ ಆಫ್ ಕಾರ್ಡ್ ರಸ್ತೆಯಿಂದ ಯಶವಂತಪುರ, ಅಲ್ಲಿಂದ ಮೇಖ್ರಿ ವೃತ್ತವನ್ನೋ ಬಿಇಎಲ್ ವೃತ್ತವನ್ನೋ ಹಿಡಿದು ಹೆಬ್ಬಾಳದ ಮೇಲ್ಸೇತುವೆ ಹತ್ತಿದ ಮೇಲಷ್ಟೇ ಬಳ್ಳಾರಿ ರಸ್ತೆಯಲ್ಲಿ ವಾಹನಕ್ಕೆ ಉಸಿರಾಡಲು ಅವಕಾಶ ಸಿಗುತ್ತದೆ. ಸಂಜೆಯ ದಟ್ಟಣೆಯಲ್ಲಿ ಕಾರು ಈ ದಾರಿಗೆ ಒಂದೂವರೆ ಗಂಟೆ ತೆಗೆದುಕೊಂಡರೆ, ಅದೇ ಅವಧಿಯಲ್ಲಿ ಆಕಾಶದಲ್ಲಿರುವ ವಿಮಾನ 1,350 ಕಿಲೋಮೀಟರ್ ಕ್ರಮಿಸಿರುತ್ತದೆ; ಬೆಂಗಳೂರಿನಿಂದ ಉತ್ತರಕ್ಕೆ ಹೊರಟಿದ್ದರೆ ನಾಗಪುರವನ್ನು ಎಂದೋ ದಾಟಿರುತ್ತದೆ. ಇದರ ಮೇಲೆ ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕೆಂಬ ಸೂಚನೆ, ಆ ತುದಿಯಲ್ಲಿ ವಲಸೆ ತಪಾಸಣೆಯ ಸಾಲು, ಬ್ಯಾಗು ಬರುವವರೆಗಿನ ಕಾಯುವಿಕೆ, ಮಕ್ಕಳ ಮನೆಗೆ ಕಾರಿನ ಪ್ರಯಾಣ ಎಲ್ಲವನ್ನೂ ಕೂಡಿದರೆ, ಹದಿನಾರು ಗಂಟೆಯ ಹಾರಾಟ ಸುಲಭವಾಗಿ ಇಪ್ಪತ್ತಮೂರು ಗಂಟೆಯಾಗುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ನೆಲದ ಮೇಲಿನದ್ದು.

ವಿಮಾನ ತಂತ್ರಜ್ಞಾನ ಶಬ್ದದ ವೇಗಕ್ಕೆ ಸಮೀಪದ ಮಿತಿಯಲ್ಲಿ ದಶಕಗಳಿಂದ ನಿಂತಿರುವುದರಿಂದ ಆ ಹದಿನಾರು ಗಂಟೆಯಲ್ಲಿ ಸದ್ಯಕ್ಕೆ ಉಳಿತಾಯ ಕಷ್ಟ. ಉಳಿತಾಯ ಸಾಧ್ಯವಿರುವುದು ನೆಲದ ಮೇಲೆಯೇ, ಮತ್ತು ಅದಕ್ಕಾಗಿ ಒತ್ತಾಯಿಸುವ ಹಕ್ಕು ಪಶ್ಚಿಮ ಬೆಂಗಳೂರಿನ ನಾಗರಿಕರಿಗಿದೆ. ರೇಷ್ಮೆ ಮಂಡಳಿ ಜಂಕ್ಷನ್ನಿನಿಂದ ಕೆ.ಆರ್. ಪುರ, ಹೆಬ್ಬಾಳಗಳ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ 58 ಕಿಲೋಮೀಟರಿನ ನೀಲಿ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಂಪುಟ 2021ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆ ಮಾರ್ಗ ಪಶ್ಚಿಮದ ಬಡಾವಣೆಗಳನ್ನು ಮುಟ್ಟುವುದಿಲ್ಲ. ಅವುಗಳ ಪಾಲಿಗೆ ನಿರ್ಣಾಯಕವಾದದ್ದು 2024ರ ಆಗಸ್ಟ್‌ನಲ್ಲಿ ಮಂಜೂರಾದ ಮೂರನೆಯ ಹಂತ: ಜೆ.ಪಿ. ನಗರದಿಂದ ಪಶ್ಚಿಮದ ಹೊರವರ್ತುಲ ರಸ್ತೆಯುದ್ದಕ್ಕೂ ನಾಗರಬಾವಿ, ಸುಮನಹಳ್ಳಿ, ಪೀಣ್ಯಗಳನ್ನು ಹಾಯ್ದು ಹೆಬ್ಬಾಳದ ಆಚೆಯ ಕೆಂಪಾಪುರ ಸೇರುವ 32 ಕಿಲೋಮೀಟರ್ ಒಂದು, ಹೊಸಹಳ್ಳಿಯಿಂದ ಮಾಗಡಿ ರಸ್ತೆಯಲ್ಲಿ ಕಡಬಗೆರೆಗೆ ಹೋಗುವ 12.5 ಕಿಲೋಮೀಟರ್ ಇನ್ನೊಂದು. ಇವೆರಡೂ ಮುಗಿದು ನೀಲಿ ಮಾರ್ಗಕ್ಕೆ ಕೂಡಿಕೊಂಡ ದಿನ ಬಸವೇಶ್ವರನಗರದವರು ಸುಮನಹಳ್ಳಿಯಲ್ಲಿ ರೈಲು ಹತ್ತಿ, ಕೆಂಪಾಪುರದಲ್ಲಿ ಬದಲಿಸಿ, ಹೆಬ್ಬಾಳದ ಮೇಲ್ಸೇತುವೆಯ ಸಾಲಿನಲ್ಲಿ ನಿಲ್ಲದೆ ದೇವನಹಳ್ಳಿ ತಲುಪಬಹುದು. ಅಲ್ಲಿಯವರೆಗೆ ಕೆಂಗೇರಿ, ವಿಜಯನಗರದವರಿಗೆ ನೇರಳೆ ಮಾರ್ಗದಲ್ಲಿಯೂ ರಾಜಾಜಿನಗರದವರಿಗೆ ಹಸಿರು ಮಾರ್ಗದಲ್ಲಿಯೂ ಮೆಜೆಸ್ಟಿಕ್‌ಗೆ ಬಂದು, ಅಲ್ಲಿಂದ ಬಿಎಂಟಿಸಿಯ ವಾಯುವಜ್ರ ಬಸ್ಸು ಹಿಡಿಯುವುದು ಲೆಕ್ಕ ತಪ್ಪದ ದಾರಿಗಳಲ್ಲಿ ಒಂದು. ಎರಡು ದೊಡ್ಡ ಸೂಟ್‌ಕೇಸುಗಳಿದ್ದರೆ ಮಾತ್ರ ಜೊತೆಗೆ ಒಬ್ಬರು ಬರಬೇಕಾಗುತ್ತದೆ.